ಮಲ್ಲಿಗೆಯ ಒತ್ತಕ್ಷರ

ಬಿ.ಕಾಂ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಲಷ್ಕರ್ ಮೊಹಲ್ಲಾದ ಒಂದು ಡಿಟಿಪಿ ಅಂಗಡಿಗೆ. ಅಲ್ಲಿ ನಾಮಕರಣದ ಕಾರ್ಡಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ಒಂದೇ ಫಾಂಟು. ಅದನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತಿತ್ತು. ಡಿಸೈನ್ ಕಲಿಸುವವರು ಯಾರೂ ಇರಲಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅಕ್ಷರಗಳನ್ನು ಪರದೆಯ ತುಂಬ ದೊಡ್ಡದು ಮಾಡಿ, ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ತೆಳುವಾಗುತ್ತದೆ ಎಂದು ನೋಡುತ್ತಾ ಕೂರುತ್ತಿದ್ದೆ. ಆಮೇಲೆ ನಾನೇ ಪೆನ್ಸಿಲ್ಲಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ತಿದ್ದತೊಡಗಿದೆ.

ನನ್ನದು ಅಂತ ಒಂದು ಶೈಲಿ ಇದ್ದರೆ ಅದು ಒತ್ತಕ್ಷರದಲ್ಲಿತ್ತು. ಎಲ್ಲರೂ ಅದನ್ನು ಮೇಲಿನ ಅಕ್ಷರದ ಕಾಲಡಿಗೆ ತುರುಕುತ್ತಿದ್ದರು. ನಾನು ಅದಕ್ಕೆ ಕೈಕಾಲು ಚಾಚುವಷ್ಟು ಜಾಗ ಬಿಡುತ್ತಿದ್ದೆ.

ಅದನ್ನು ಮೊದಲು ಒಪ್ಪಿದವರು ಊದುಬತ್ತಿ ಮಾಡಿಸುತ್ತಿದ್ದ ಒಬ್ಬ ಹಿರಿಯರು. ಅವರ ಪ್ಯಾಕೆಟ್ಟಿಗೆ ಬಿಳಿಯ ಮೇಲೆ ಹಸಿರಿನಲ್ಲಿ 'ಮಲ್ಲಿಗೆ' ಎಂದಷ್ಟೇ ಬರೆದುಕೊಟ್ಟಿದ್ದೆ.

"ಹೂವೇ ಇಲ್ವಲ್ಲಮ್ಮ?" ಎಂದರು.

"ಆ 'ಲ್ಲಿ' ಒತ್ತು ನೋಡಿ ಸಾರ್, ಜಡೆಯಿಂದ ದಂಡೆ ಇಳಿಬಿದ್ದಂಗಿದೆ."

ತುಂಬ ಹೊತ್ತು ನೋಡಿ, "ಇರ್ಲಿ ಬುಡು, ಚೆನ್ನಾಗೈತೆ" ಎಂದರು.

ಆ ಪ್ಯಾಕೆಟ್ ನೋಡಿ ಬೇರೆಯವರೂ ಹುಡುಕಿಕೊಂಡು ಬಂದರು. ಡಿಟಿಪಿ ಅಂಗಡಿ ಬಿಟ್ಟು ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಶುರು ಮಾಡಿದೆ.

ಹೋದ ವರ್ಷ ಹಿರಿಯರು ತೀರಿಕೊಂಡರು. ವ್ಯಾಪಾರ ಸೊಸೆಯ ಕೈಗೆ ಬಂತು. ಆಕೆ ಒಂದು ದಿನ ಮನೆಗೆ ಬಂದು, ಫೋನಿನಲ್ಲಿ ಹೊಸ ಪ್ಯಾಕೆಟ್ಟಿನ ಚಿತ್ರ ತೋರಿಸಿದಳು. ಎಐಗೆ ನನ್ನ ಹಳೆಯ ಕೆಲಸಗಳನ್ನು ಕೊಟ್ಟು ಮಾಡಿಸಿದ್ದಂತೆ.

"ನಿಮ್ ತರಾನೇ ಇದೆ ಅಲ್ವಾ ಅಕ್ಕ? ಅಕ್ಷರ ಒಂದು ಸರಿ ಮಾಡ್ಕೊಟ್ಬಿಡಿ."

ನನ್ನ ತರವೇ ಇತ್ತು. ನನ್ನ ಬಿಳಿ, ನನ್ನ ಹಸಿರು, ನನ್ನ ಗೆರೆಯ ಬಾಗು. ಒತ್ತಕ್ಷರದ ಜಾಗದಲ್ಲಿ ಮಾತ್ರ ಯಾವ ಭಾಷೆಯದೂ ಅಲ್ಲದ ಒಂದು ಸುರುಳಿ ಕೂತಿತ್ತು.

"ಬೇಕಾದ್ರೆ ಹೊಸದಾಗಿ ಬರ್ಕೊಡ್ತೀನಿ. ಇದನ್ನ ತಿದ್ದಕ್ಕಾಗಲ್ಲ ಕಣಮ್ಮ" ಎಂದೆ. ಕಾಫಿ ಕುಡಿದು, ಫೋನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಒಂದು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದಾಗ ಪೂಜೆ ಸಾಮಾನಿನ ಅಂಗಡಿಯಲ್ಲಿ ಆ ಪ್ಯಾಕೆಟ್ ಕಂಡೆ. ಸುರುಳಿ ಹಾಗೇ ಇತ್ತು. ನನ್ನ ಮುಂದೆಯೇ ಒಬ್ಬರು ಎರಡು ಪ್ಯಾಕೆಟ್ ಕೊಂಡುಹೋದರು. ನನಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ಸೊಸೆಗೆ ಫೋನ್ ಮಾಡಿ, "ಆ ಒತ್ತು ಒಂದು ಬರ್ದು ಕಳಿಸ್ತೀನಿ, ಹಾಕ್ಕೊಳಿ" ಎಂದೆ.

"ಬೇಡ ಅಕ್ಕ, ಪ್ರಿಂಟ್ ಎಲ್ಲ ಆಗೋಯ್ತು. ಯಾರೂ ಏನೂ ಕೇಳಿಲ್ಲ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಊದುಬತ್ತಿ ಹಚ್ಚೋರು ಘಮ ನೋಡ್ತಾರೆ ಕಣೇ, ಒತ್ತಕ್ಷರ ಯಾರು ನೋಡ್ತಾರೆ" ಎಂದರು. ಸಮಾಧಾನಕ್ಕೇ ಹೇಳಿದ್ದು.

ಆಮೇಲೆ ಒಂದು ಹೋಟೆಲ್ಲಿನ ಬೋರ್ಡಿನ ಕೆಲಸ ಬಂತು. ಬರೆಯಲು ಕೂತೆ. ಗೆರೆ ಬಾಗಿಸಿದ ಕೂಡಲೇ, ಇದು ನಾನು ಬರೆದದ್ದೋ, ಆ ಫೋನಿನ ಚಿತ್ರ ನೋಡಿ ಬಂದದ್ದೋ ಎಂಬ ಅನುಮಾನ. ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಬಾಗು ಬಳುಕಿಲ್ಲದ ನೇರ ಅಕ್ಷರಗಳನ್ನು ಕೊಟ್ಟೆ. ಹೋಟೆಲ್ಲಿನವರಿಗೆ ಖುಷಿಯಾಯಿತು. ದೂರದಿಂದಲೂ ಚೆನ್ನಾಗಿ ಕಾಣುತ್ತದಂತೆ.

ಈಗ ಬರುವ ಕೆಲಸಗಳನ್ನೆಲ್ಲ ಹಾಗೇ ಮಾಡಿಕೊಡುತ್ತಿದ್ದೇನೆ.