ಅತ್ತೆ ಎಳೆದ ಗುಂಡಿ, ಮಾವ ಓಡಿಸಿದ ಜೀಪು

ನನ್ನ ಮಾವನವರು ಜೀಪು ಓಡಿಸುವಾಗ ಆಕ್ಸಿಲರೇಟರ್ ಕೆಳಗೆ ಯಾರೋ ಕೋಳಿಮೊಟ್ಟೆ ಇಟ್ಟಿದ್ದಾರೇನೋ ಅನ್ನುವ ಹಾಗೆ ಕಾಲಿಡುತ್ತಿದ್ದರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ಹೆಚ್ಚುಕಡಿಮೆ ನೆಟ್ಟಗಿದೆ. ಎರಡೂ ಕಡೆ ಎರೆಹೊಲ, ಮುಂದೆ ಕಾಲುವೆ, ಗದ್ದೆ. ಅಂಥ ರಸ್ತೆಯಲ್ಲೂ ನಮ್ಮ ಜೀಪು ಮದುವೆಯ ಮೆರವಣಿಗೆಯ ಹಾಗೆ ಹೋಗುತ್ತಿತ್ತು. ಒಮ್ಮೆ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನೊಬ್ಬ ನಮ್ಮನ್ನು ದಾಟಿ ಹೋದ. ಹೋಗುವಾಗ ತಿರುಗಿ ನೋಡಿ, "ನಮಸ್ಕಾರ್ರಿ ಸಾವ್ಕಾರ್ರ" ಎಂದ. ಮಾವನವರು ಸ್ಟೇರಿಂಗ್ ಬಿಡದೆ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಎಪ್ಪತ್ತರ ದಶಕದ ಮಾತು. ನಾನು ಸಿರಿಗೇರಿಯ ಮಗಳು, ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರದ ಮನೆಗೆ ಬಂದಿದ್ದೆ. ಮಾವನವರದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅಲ್ಲಿಗೆ ಹೋಗಿಬರಲು ಯಾರೋ ಬಳಸಿ ಬಿಟ್ಟ ಜೀಪೊಂದನ್ನು ಕೊಂಡಿದ್ದರು. ಇದ್ದ ಡ್ರೈವರು ಲಾರಿ ಓಡಿಸುತ್ತೇನೆಂದು ಹೊರಟುಹೋದ ಮೇಲೆ, ತಾವೇ ಓಡಿಸುವುದೆಂದು ಹಟ ಹಿಡಿದರು. ಅವರು ಗಿರಣಿಗೆ ಹೊರಟಾಗ ಅತ್ತೆ ಅಲ್ಲಿದ್ದ ತಂಗಿಯ ಮನೆಗೆಂದು, ನಾನು ತವರಿಗೆಂದು ಜೊತೆಗೆ ಹತ್ತುತ್ತಿದ್ದೆವು. ನನ್ನನ್ನು ಸಿರುಗುಪ್ಪದಲ್ಲಿ ಇಳಿಸಿದರೆ ಅಲ್ಲಿಂದ ಸಿರಿಗೇರಿಗೆ ಬಸ್ಸು. ಆದರೆ ಮಾವನವರು ಮುಟ್ಟಿಸುವ ಹೊತ್ತಿಗೆ ಆ ಬಸ್ಸು ಯಾವತ್ತೂ ಹೋಗಿರುತ್ತಿತ್ತು.

ಆ ಜೀಪನ್ನು ಎಬ್ಬಿಸುವುದೇ ಒಂದು ಪೂಜೆ. ಕೀಲಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಬರೀ ಒಂದು ಕೆಂಪು ದೀಪ ಹತ್ತುತ್ತಿತ್ತು. ಆಮೇಲೆ ಚೋಕ್ ಎಳೆದು, ಕೆಳಗೆ ನೆಲದಲ್ಲಿದ್ದ ಗುಂಡಿಯನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಅದು ಕೆಮ್ಮಿ, ನರಳಿ, ಮೈ ಕೊಡವಿ ಏಳುತ್ತಿತ್ತು. ಮೊದಲನೇ ಗೇರು ಹಾಕುವಾಗ ಕರ್ರ್ ಎಂದು ಹಲ್ಲು ಕಡಿಯುತ್ತಿತ್ತು. ಮಾವನವರು ಪ್ರತಿಸಲವೂ "ಶಿವಶಿವಾ" ಅನ್ನುತ್ತಿದ್ದರು. ಆ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ದೂರ ಹೋಗಿ ನಿಲ್ಲುತ್ತಿದ್ದವು.

ಚೋಕಿನ ಪಕ್ಕದಲ್ಲಿ, ಡ್ಯಾಶ್‌ಬೋರ್ಡಿನ ನಟ್ಟನಡುವೆ, ಅಂಥದೇ ಇನ್ನೊಂದು ಎಳೆಯುವ ಗುಂಡಿ ಇತ್ತು. "ಅದನ್ನ ಮುಟ್ಟಬ್ಯಾಡ್ರಿ" ಎಂದು ಡ್ರೈವರು ಹೇಳಿ ಹೋಗಿದ್ದನಂತೆ. ಮಾವನವರು ಮುಟ್ಟಲಿಲ್ಲ. ಯಾತಕ್ಕೂ ಬೇಡವಾದ ಗುಂಡಿ ಎಂದುಕೊಂಡು ಅತ್ತೆ ಅದಕ್ಕೆ ತಮ್ಮ ಎಲೆಅಡಿಕೆಯ ಚೀಲ ನೇತುಹಾಕಿದರು.

ಒಂದು ದಿನ ಸಿರುಗುಪ್ಪದ ದಾರಿಯಲ್ಲಿ ಎಲೆ ಹಾಕಿಕೊಳ್ಳಬೇಕೆನಿಸಿ ಅತ್ತೆ ಆ ಚೀಲವನ್ನು ಜಗ್ಗಿದರು. ಅದರ ದಾರ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಜಗ್ಗಿದರು. ಗುಂಡಿ ಹೊರಗೆ ಬಂತು. ಜೀಪು ಗುರ್ ಎಂದು ಮುಂದಕ್ಕೆ ಹಾರಿತು.

"ಏ! ಏ! ಏನಾತಿದಕ್ಕ?" ಎಂದು ಮಾವನವರು ಗಾಬರಿಯಾಗಿ ಕಾಲು ಮೇಲೆತ್ತಿದರು. ಗಾಡಿಗೆ ಅದರ ಪರಿವೆಯೇ ಇಲ್ಲ, ಓಡುತ್ತಲೇ ಇತ್ತು. ಬ್ರೇಕ್ ಒತ್ತಿದರು, ಸ್ವಲ್ಪ ತಗ್ಗಿ ಮತ್ತೆ ಎಗರಿತು. "ನಿಂದ್ರಲೇ!" ಎಂದು ಎತ್ತಿಗೆ ಗದರಿಸುವ ಹಾಗೆ ಗದರಿಸಿದರು. ಅದೇ ಹೊತ್ತಿಗೆ ಎಲೆಗೆ ಸುಣ್ಣ ಸವರಿ ಮುಗಿಸಿದ ಅತ್ತೆ ಚೀಲವನ್ನು ಹಿಂದಕ್ಕೆ ನೂಕಿದರು. ಗುಂಡಿ ಒಳಗೆ ಹೋಯಿತು. ಜೀಪು ಮೆತ್ತಗಾಯಿತು.

"ನೋಡಿದ್ಯಾ? ಒಂದ್ ಮಾತು ಜೋರು ಮಾಡಿದ್ರ ಹೆಂಗ ಕೇಳ್ತೈತಿ," ಎಂದರು ಮಾವನವರು, ಬೆವರು ಒರೆಸಿಕೊಳ್ಳುತ್ತ.

ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ಗುಂಡಿಯನ್ನು ನೋಡಿದರು. ಮೆಲ್ಲಗೆ ತಿರುಗಿ ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿದರು. ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಗೆಳತಿಯ ಹಾಗೆ ನೋಡಿದ್ದು ಅದೇ ಮೊದಲು.

ರಾತ್ರಿ ಊಟಕ್ಕೆ ಬಡಿಸುವಾಗ ನನ್ನವರನ್ನು ಕೇಳಿದೆ. ಅವರು ಕಾಲೇಜಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದವರು. "ಅದು ಕೈಲೆ ಕೊಡೋ ಆಕ್ಸಿಲರೇಟರ್. ಎಷ್ಟು ಎಳದಿರ್ತಿ, ಇಂಜಿನ್ ಅಷ್ಟ ಜೋರಲೆ ಓಡ್ತಿರ್ತೈತಿ, ಕಾಲು ಬ್ಯಾಡ. ಹೊಲದಾಗ ಜೀಪು ನಿಲ್ಲಿಸಿ ಮಷೀನು ಗಿಷೀನು ಓಡಿಸಾಕ ಇಟ್ಟಾರ," ಎಂದರು. ಆಮೇಲೆ, "ಯಾಕ?" ಎಂದರು.

"ಸುಮ್ಕ ಕೇಳಿದೆ," ಎಂದೆ. ಅಡುಗೆಮನೆಗೆ ಹೋಗಿ ಅತ್ತೆಗೆ ಎಲ್ಲ ಒಪ್ಪಿಸಿದೆ. ಅವರು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡರು. "ಅಂದ್ರ ಗಾಡಿ ಓಡಿಸೋದು ಅರ್ಧ ನನ್ ಕೈಯಾಗ ಐತಿ," ಎಂದರು.

ಮುಂದಿನ ಸಲದಿಂದ ಸಿರಿಗೇರಿಯ ಬಸ್ಸು ನನಗೆ ಸಿಗತೊಡಗಿತು.

ಅತ್ತೆಯ ಕೈ ಬಲು ಬೇಗ ಪಳಗಿತು. ಮಾವನವರು ಮೂರನೇ ಗೇರಿಗೆ ಬರುವತನಕ ಸುಮ್ಮನಿದ್ದು, ಆಮೇಲೆ ಅಡಿಕೆ ಹುಡುಕುವ ನೆಪದಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ಎಳೆಯುವರು. ಎದುರಿಗೆ ಎತ್ತಿನ ಚಕ್ಕಡಿ ಕಂಡರೆ ಸುಣ್ಣದ ಡಬ್ಬಿ ಇಡುವ ನೆಪದಲ್ಲಿ ನೂಕುವರು. ಹಿಂದೆ ಕೂತ ನನಗೆ ಕಾವಲು ಕೆಲಸ. ಮಾವನವರ ಕಣ್ಣು ಚೀಲದ ಕಡೆ ಹೊರಳಿತೆಂದರೆ ಕೆಮ್ಮಬೇಕು. ಒಂದು ಸಲ ನನಗೆ ನಿಜವಾದ ಕೆಮ್ಮು ಹತ್ತಿ ಅತ್ತೆ ದಾರಿಯುದ್ದಕ್ಕೂ ಎಲೆ ಮುಟ್ಟದೆ ಕೂತರು. ಇಳಿದ ಮೇಲೆ, "ನಾಳೆಯಿಂದ ಶುಂಠಿ ಕಷಾಯ ಕುಡಿ," ಎಂದು ಬೈದರು.

ಇತ್ತ ಮಾವನವರು ತಮ್ಮದೇ ಒಂದು ಲೆಕ್ಕಕ್ಕೆ ಬಂದಿದ್ದರು. ಎತ್ತು ಮನೆಯ ದಾರಿ ಕಲಿಯುವ ಹಾಗೆ ಜೀಪು ಸಿರುಗುಪ್ಪದ ದಾರಿ ಕಲಿತಿದೆ ಎಂಬುದೇ ಆ ಲೆಕ್ಕ. ಮೊದಲು ಕಾಲನ್ನು ಅರ್ಧ ಎತ್ತಿ ನೋಡಿದರು. ಆಮೇಲೆ ಪೂರ್ತಿ ಎತ್ತಿದರು. ಕೊನೆಗೆ ಸೀಟಿನ ಮೇಲೆ ಎರಡೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತು, ಸ್ಟೇರಿಂಗ್ ಮಾತ್ರ ಹಿಡಿದುಕೊಂಡು ಓಡಿಸುವಷ್ಟು ಧೈರ್ಯ ಬಂತು. ಗಿರಣಿಯಲ್ಲಿ ಬಂದವರಿಗೆಲ್ಲ ಅದೇ ಸುದ್ದಿ. ಸೋಮವಾರಕ್ಕೊಮ್ಮೆ ಬಾನೆಟ್ಟಿಗೆ ಹೂವಿನ ಹಾರ ಬೀಳತೊಡಗಿತು. "ಕಬ್ಬಿಣಕ್ಕೂ ಜೀವ ಇರ್ತೈತಿ. ಪ್ರೀತಿಲೆ ನೋಡ್ಕೋಬೇಕಷ್ಟ," ಎನ್ನುತ್ತಿದ್ದರು. ಅತ್ತೆ "ಹೌದ್ರಿ" ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಗುತ್ತಿದ್ದರು.

ಹೀಗಿರುವಾಗ ನಾದಿನಿಯ ಕುಬುಸದ ದಿನ ಬಂತು. ಆಕೆಯನ್ನು ಕುರುಗೋಡಿಗೆ ಕೊಟ್ಟಿತ್ತು. ಅಲ್ಲಿ ಗಂಡನ ಮನೆಯಲ್ಲಿ ಬಸುರಿಯಾದ ಆಕೆಗೆ ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ. ಆಕೆಯ ಮಾವ, ಅಂದರೆ ನಮ್ಮ ಬೀಗರು, ಹಿಂದಿನ ದಿನವೇ ಕೆಲಸದ ಮೇಲೆ ಬಳ್ಳಾರಿಗೆ ಬಂದು ಉಳಿದುಕೊಂಡಿದ್ದರು. ಅವರಿಗೊಂದು ಬಿಳಿ ಕಾರು, ಅದಕ್ಕೊಬ್ಬ ಡ್ರೈವರು. ಆ ಹೊತ್ತಿಗೆ ಕಾರು ರಿಪೇರಿಗೆ ಹೋಗಿತ್ತು. ಜೀಪನ್ನು ಸುತ್ತಿ ನೋಡಿ, "ಕುರುಗೋಡು ಮುಟ್ತದೇನ್ರಿ ಬೀಗ್ರ ಇದು?" ಎಂದರು.

ಆ ಮಾತು ಮಾವನವರಿಗೆ ನಾಟಿತು. "ಹತ್ರಿ. ನಾನು ಕಾಲು ಸೈತ ಹಚ್ಚಂಗಿಲ್ಲ, ತಾನ ಕರಕೊಂಡು ಹೋಗ್ತೈತಿ," ಎಂದುಬಿಟ್ಟರು.

ಬೀಗರು ಮುಂದೆ ಕೂತರು. ಗಂಡಸರ ಮುಂದೆ ಮುಂದಿನ ಸೀಟು ಕೇಳುವ ಹಾಗಿಲ್ಲ. ಅತ್ತೆ ಸೀರೆಗಂಟು, ಹೋಳಿಗೆಯ ಬುಟ್ಟಿ, ಬಿಸಿಲಿಗೆಂದು ಹಿಡಿದ ಕೊಡೆಯೊಂದಿಗೆ ಹಿಂದೆ ನನ್ನ ಪಕ್ಕ ಬಂದರು. ಗುಂಡಿ ದೂರವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಊರು ದಾಟಿ ನೆಟ್ಟಗಿನ ರಸ್ತೆಗೆ ಬಂದೆವು. ಮಾವನವರು ಮೂರನೇ ಗೇರು ಹಾಕಿ, ಗಂಟಲು ಸರಿಮಾಡಿಕೊಂಡು, "ಈಗ ನೋಡ್ರಿ" ಎಂದು ಎರಡೂ ಕಾಲು ಮೇಲೆತ್ತಿ ಮಡಚಿಕೊಂಡರು. ಜೀಪು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಗಡಗಡ ಅಲುಗತೊಡಗಿತು.

"ನಿದ್ದಿ ಬಂತೇನೋ ಪಾಪ," ಎಂದರು ಬೀಗರು.

ಮಾವನವರ ಕಿವಿ ಕೆಂಪಾಯಿತು. ಹಿಂದಿನಿಂದ ನೋಡುತ್ತಿದ್ದ ನನಗೇ ಅಯ್ಯೋ ಅನ್ನಿಸಿತು. ಅತ್ತೆಗೆ ಏನನ್ನಿಸಿತೋ, ಗಂಡನ ಮಾನ ಬೀಗರ ಮುಂದೆ ಹೋಗುವುದು ಅವರಿಗೆ ಬೇಕಿರಲಿಲ್ಲ. ಕೊಡೆಯನ್ನು ತಿರುಗಿಸಿ ಹಿಡಿದು, ಅದರ ಬಾಗಿದ ಹಿಡಿಯನ್ನು ಎರಡು ಸೀಟಿನ ನಡುವೆ ಮೆಲ್ಲಗೆ ತೂರಿಸಿದರು. ಬೀಗರು ಅತ್ತ ಹೊಲ ನೋಡುತ್ತಿದ್ದರು. ಕೊಡೆಯ ಕೊಕ್ಕೆ ಗುಂಡಿಗೆ ಸಿಕ್ಕಿತು. ಅತ್ತೆ ಎಳೆದರು.

ಜೀಪು ಎಚ್ಚೆತ್ತು ಓಡಿತು. "ಹಾಂ! ನೋಡ್ರಿ ಮತ್ತ!" ಎಂದು ಮಾವನವರು ತೊಡೆ ತಟ್ಟಿಕೊಂಡರು. ಬೀಗರು ಅವರ ಮಡಚಿದ ಕಾಲು ನೋಡಿದರು, ರಸ್ತೆ ನೋಡಿದರು, ಮತ್ತೆ ಕಾಲು ನೋಡಿದರು. "ಯಪ್ಪಾ! ಖರೇನ ಹೊಂಟೈತಲ್ರಿ!" ಎಂದು ಎದುರಿನ ಕಂಬಿ ಹಿಡಿದುಕೊಂಡರು.

ಎಳೆಯುವುದೇನೋ ಕೊಡೆಯಿಂದ ಆಗುತ್ತಿತ್ತು; ನೂಕುವುದು ಆಗುತ್ತಿರಲಿಲ್ಲ. ಅದು ನಮಗೆ ಗೊತ್ತಾದದ್ದು ಕುರುಗೋಡಿನ ಕಡೆ ತಿರುಗಿದ ಮೇಲೆ. ಮುಂದೆ ರಸ್ತೆಗೆ ಹೊಂದಿಕೊಂಡ ಕಣದಲ್ಲಿ ಒಣಗಿದ ಕಡಲೆಗಿಡ ಒಟ್ಟಿದ್ದರು. ಹೋಗಿಬರುವ ಗಾಡಿಗಳು ತುಳಿಯಲೆಂದು ಅರ್ಧ ರಸ್ತೆಯ ಮೇಲೂ ಹರವಿದ್ದರು. ಅತ್ತೆ ಕೊಕ್ಕೆ ಬಿಡಿಸಲು ಹೋಗಿ ಗಡಬಡಿಸಿ ಇನ್ನಷ್ಟು ಜಗ್ಗಿದರು. ಜೀಪು ಗರ್ಜಿಸಿತು.

"ಸಾಕು ಮಗನ, ಸಾಕು!" ಎಂದರು ಮಾವನವರು. ಜೀಪು ಕೇಳಲಿಲ್ಲ. "ನಿಂದ್ರಲೇ!" ಎಂದು ಕೂಗಿದರು. ಆಗಲೂ ಕೇಳಲಿಲ್ಲ. ಮಡಚಿದ ಕಾಲು ಬಿಡಿಸುವಷ್ಟರಲ್ಲಿ ಪಂಜೆ ಸಿಕ್ಕಿಕೊಂಡಿತು. ಸಿಕ್ಕ ಪೆಡಲ್ಲನ್ನು ಒತ್ತಿದರು, ಅದು ಕ್ಲಚ್ಚು. ಗಾಡಿಯ ಹೊರೆ ತಪ್ಪಿದ ಇಂಜಿನ್ನು ಆಕಾಶ ಹರಿಯುವ ಹಾಗೆ ಕಿರುಚಿತು. ಬೀಗರು ಬಸವಣ್ಣನನ್ನು ಕರೆದರು. ಮಾವನವರಿಗೆ ಕೊನೆಗೆ ಕೀಲಿ ನೆನಪಾಯಿತು. ತಿರುಗಿಸಿದರು. ಇಂಜಿನ್ನು ಗಪ್ಪಾಯಿತು. ಜೀಪು ಬಂದ ಓಟದಲ್ಲೇ ಸದ್ದಿಲ್ಲದೆ ಜಾರಿ ಕಡಲೆಗಿಡದ ಒಟ್ಟಿಲಿನೊಳಗೆ ಮೂತಿ ಹುದುಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೋಳಿಗೆಯ ಬುಟ್ಟಿ ನನ್ನ ತೊಡೆಯ ಮೇಲೆಯೇ ಇತ್ತು.

ಕಣದಲ್ಲಿದ್ದ ಹೆಂಗಸೊಬ್ಬಳು ಮೊರ ಹಿಡಿದು ಓಡಿಬಂದಳು. ಬೈಯುತ್ತಾಳೆಂದುಕೊಂಡೆವು. ಆಕೆ ಚಕ್ರದ ಕೆಳಗೆ ಬಗ್ಗಿ ನೋಡಿ, "ಕಾಯಿ ಚೊಲೋ ಒಡದಾವು. ಇನ್ನೊಂದ್ ಸುತ್ತು ಬರ್ರಿ ಯಪ್ಪಾ," ಎಂದಳು.

ಮಾವನವರಿಗೆ ಅದು ಕೇಳಿಸಲಿಲ್ಲ. ಅವರು ಡ್ಯಾಶ್‌ಬೋರ್ಡಿನ ನಡುವಿನ ಗುಂಡಿಯನ್ನು ನೋಡುತ್ತಿದ್ದರು. ಅದಕ್ಕೆ ಕೊಡೆ ಸಿಕ್ಕಿಕೊಂಡಿತ್ತು. ಕೊಡೆಯ ಇನ್ನೊಂದು ತುದಿ ಅತ್ತೆಯ ಕೈಯಲ್ಲಿತ್ತು.

"ಎಷ್ಟು ದಿನದಿಂದ ನಡದೈತಿ ಇದು?" ಎಂದರು.

ಅತ್ತೆ ಸ್ವಲ್ಪ ಯೋಚಿಸಿದರು. "ನೀವು ಹಾರ ಹಾಕಾಕ ಸುರು ಮಾಡಿದ್ರಲ್ಲ, ಅದಕ್ಕೂ ಮದ್ಲಿಂದ."

ಬೀಗರಿಗೆ ನಗು ತಡೆಯಲಾಗಲಿಲ್ಲ. ಕೆಳಗಿಳಿದು, ಕಣದ ಅಂಚಿನ ಮರ ಹಿಡಿದುಕೊಂಡು ನಕ್ಕರು. ಆ ನಗುವಿಗೆ ಮಾವನವರು ಇನ್ನೂ ಉರಿದರು. ಇಳಿದು, ಸೀಟಿನ ಕಡೆ ಕೈಮಾಡಿ, "ಅಷ್ಟು ಬರ್ತೈತಂದ್ರ ನೀನ ಓಡಿಸು ಬಾ. ಕುಂದ್ರು!" ಎಂದರು. ಹೆಂಡತಿ ತಲೆತಗ್ಗಿಸಿ ಸುಮ್ಮನಿರುತ್ತಾಳೆ ಎಂಬುದು ಅವರ ಎಣಿಕೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟರು. ಹತ್ತಿ ಕೂತೇಬಿಟ್ಟರು.

ಬೀಗರೆದುರು ಆಡಿದ ಮಾತು. ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಮಾವನವರು ಪಕ್ಕದಲ್ಲಿ ಕೂತು, ಕೊಡೆ ಬಿಡಿಸಿ ಗುಂಡಿಯನ್ನು ಒಳಗೆ ನೂಕಿ, ಹಲ್ಲು ಕಚ್ಚಿಕೊಂಡು ಕಲಿಸಿದರು. "ಎಡಗಾಲಿಲೆ ಕ್ಲಚ್ಚು ಒತ್ತು. ಪೂರ್ತಿ ಒತ್ತು. ಈಗ ಗೇರು... ಅದು ಗೇರಲ್ಲ, ನನ್ ಮಣಕಾಲು!" ಜೀಪು ಜಿಗಿದು ಸತ್ತಿತು. ಮತ್ತೆ ಕೀಲಿ, ಮತ್ತೆ ನೆಲದ ಗುಂಡಿ. ಮತ್ತೆ ಜಿಗಿದು ಸತ್ತಿತು. ಆಮೇಲೊಮ್ಮೆ ಕ್ಲಚ್ಚನ್ನು ಮಗು ಮಲಗಿಸುವಷ್ಟು ಮೆತ್ತಗೆ ಬಿಟ್ಟಾಗ ಜೀಪು ಒಟ್ಟಿಲನ್ನು ಸೀಳಿಕೊಂಡು ಹೊರಟಿತು. ಕಣ ಸುತ್ತಿತು. ಆ ಹೆಂಗಸು ಮುಂದೆ ಮುಂದೆ ಕಡಲೆಗಿಡ ಹರವುತ್ತ, "ಹಂಗ ಬರ್ರಿ ಯವ್ವಾ, ಈ ಕಡಿ ಬರ್ರಿ," ಎಂದು ಕರೆಯುತ್ತ ಹೋದಳು. ಅತ್ತೆ ಸುತ್ತಿದರು, ಮತ್ತೆ ಸುತ್ತಿದರು. ಎರಡನೇ ಗೇರು ಬಿದ್ದದ್ದು ಆ ಕಣದಲ್ಲೇ. ಬೀಗರೂ ನಾನೂ ಮರದ ನೆರಳಿನಲ್ಲಿ ನಿಂತು ಕಡಲೆ ಬಿಡಿಸಿ ತಿಂದೆವು.

ಸಾಕಾದ ಮೇಲೆ ಹೊರಟೆವು. ಅತ್ತೆಯೇ ಓಡಿಸಿದರು. ಬೀಗರು ಹತ್ತಲು ಮೊದಲು ಒಪ್ಪಲಿಲ್ಲ. ನಡೆದು ಹೋದರೆ ಕುಬುಸಕ್ಕೆ ಮುಟ್ಟುವುದಿಲ್ಲವೆಂದು ತಿಳಿದು ಹಿಂದೆ ನನ್ನ ಪಕ್ಕ ಕೂತರು. ಎರಡನೇ ಗೇರಿನಲ್ಲೇ, ಸಿಕ್ಕಸಿಕ್ಕಲ್ಲಿ ಹಾರ್ನು ಹೊಡೆಯುತ್ತ, ಕುರುಗೋಡಿನ ಬಂಡೆಗುಡ್ಡ ಕಾಣುವತನಕ, ಆಮೇಲೆ ಊರೊಳಗಿನ ಬೀದಿಯಲ್ಲೂ ಹಾಗೇ ಹೋದೆವು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸರು ಸ್ಟೇರಿಂಗಿನ ಹಿಂದೆ ಅತ್ತೆಯನ್ನು ಕಂಡು ದೀಪ ಆರಿದ್ದೂ ತಿಳಿಯದೆ ನಿಂತರು. ಏಳು ತಿಂಗಳ ಬಸುರಿ ನಾದಿನಿ ಹೊಟ್ಟೆ ಹಿಡಿದುಕೊಂಡು, "ಯವ್ವಾ! ಏನಿದು ನಿಂದು!" ಎಂದು ಕೂಗಿದಳು.

ಅತ್ತೆ ಜೀಪನ್ನು ಮನೆಯ ಗೋಡೆಗೆ ಗೇಣಿನಷ್ಟು ಅಂತರದಲ್ಲಿ ನಿಲ್ಲಿಸಿದರು. ಸಂಜೆ ಹೊರಡುವಾಗ ತಿಳಿಯಿತು, ಮಾವನವರು ರಿವರ್ಸು ಕಲಿಸಿರಲಿಲ್ಲ. ಕೊಡು, ನಾನು ತೆಗೀತೀನಿ ಎಂದು ಅವರು ಅಂದರೂ ಅತ್ತೆ ಸೀಟು ಬಿಟ್ಟು ಏಳಲಿಲ್ಲ. ಬೀಗರ ಮನೆಯ ಗಂಡಸರೆಲ್ಲ ಪಂಜೆ ಎತ್ತಿ ಕಟ್ಟಿ ಜೀಪನ್ನು ಹಿಂದಕ್ಕೆ ನೂಕಿದರು. ಅತ್ತೆ ಒಳಗೆ ಕೂತು, "ಇನ್ನೊಂದೀಟು ನೂಕ್ರಿ, ಇನ್ನೊಂದೀಟು," ಎನ್ನುತ್ತಿದ್ದರು.

ಮರುವಾರದಿಂದ ಗಿರಣಿಯಲ್ಲಿ ಹೊಸ ಸುದ್ದಿ ಹುಟ್ಟಿತು. "ಹೆಣ್ಮಕ್ಕಳಿಗೆ ಬರಂಗಿಲ್ಲ ಅಂತಾರ. ನಾನು ಒಂದ ಹೊತ್ತಿನಾಗ ಕಲಿಸೀನಿ," ಎಂದು ಮಾವನವರು ಬಂದವರಿಗೆಲ್ಲ ಚಹಾ ಕೊಟ್ಟು ಹೇಳುತ್ತಿದ್ದರು. ಅತ್ತೆ ಅದನ್ನು ಕೇಳಿಯೂ ಕೇಳದವರಂತೆ ಹೊರಗೆ ಜೀಪಿನಲ್ಲಿ ಕೂತಿರುತ್ತಿದ್ದರು, ನನಗೆ ಕ್ಲಚ್ಚು ತೋರಿಸಿಕೊಡುತ್ತ.