ಜಲ್ಮನ್ ಸುಟ್ಟುಕೊಟ್ಟ ಬತ್ತಿ

ಫ್ರೀಡಾ ಯಹೂದಿ ಹೆಂಗಸು. ಪರದೇಶದ ಈ ಮಾರಿಸ್‌ಟೌನ್ ಊರಲ್ಲಿ ನಮ್ಮ ಎರಡೂ ಮನೆಗಳಿಗೆ ಒಂದೇ ಗೋಡೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಬಾಯಿ ಜೋರು. ನನ್ನ ಅರೆಬರೆ ಇಂಗ್ಲಿಷು ಅವಳಿಗೆ ಸಾಕು. ನನ್ನ ಯಜಮಾನರು ತೀರಿಕೊಂಡಾಗ ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತವಳು ಅವಳೊಬ್ಬಳೇ.

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವಳು ಮೇಣದಬತ್ತಿ ಹಚ್ಚುತ್ತಾಳೆ. ಆಮೇಲೆ ಶನಿವಾರ ಕತ್ತಲಾಗುವವರೆಗೆ ಅವರಿಗೆ ವಾರದ ವಿಶ್ರಾಂತಿಯ ದಿನ, ಬೆಂಕಿ ಮುಟ್ಟುವಂತಿಲ್ಲ. ಕತ್ತಲಲ್ಲಿ ಎಡವಿ ಗಂಡಹೆಂಡತಿ ಜಗಳವಾಡಬಾರದು, ದೀಪ ಮನೆಯ ನೆಮ್ಮದಿಗೆ ಎಂದು ಅವರ ಹಿರಿಯರು ಹೇಳಿದ್ದಾರಂತೆ. ಹಚ್ಚುವುದು ಹೆಂಡತಿ. ಅದಕ್ಕೂ ಮುಂಚೆ ಗಂಡ ಜಲ್ಮನ್ ಬತ್ತಿಯ ದಾರವನ್ನು ಒಮ್ಮೆ ಸುಟ್ಟು ಆರಿಸಿ ಇಡುತ್ತಾನೆ. ಸುಟ್ಟ ತುದಿ ತಟ್ಟನೆ ಹೊತ್ತಿಕೊಳ್ಳುತ್ತದೆ. ನಮ್ಮ ಯಜಮಾನರೂ ಹಾಗೆಯೇ, ದೀಪದ ಬತ್ತಿಗೆ ಕರ್ಪೂರದ ಪುಡಿ ತಾಗಿಸಿಕೊಡುತ್ತಿದ್ದರು.

ಈ ಚಳಿಗಾಲ ಫ್ರೀಡಾಳ ಕಣ್ಣು ಮಂಜಾಯಿತು. ಜಲ್ಮನ್ ಅವಳನ್ನು ಕೇಳದೆ ಅವಳ ಕಾರನ್ನು ತನ್ನ ತಮ್ಮನ ಮಗನಿಗೆ ಕೊಟ್ಟುಬಿಟ್ಟ. ಅವಳು ಅವನೊಂದಿಗೆ ಮಾತು ಬಿಟ್ಟಳು. ಆ ಶುಕ್ರವಾರ ನಾನು ಹೋದಾಗ ಒಬ್ಬಳೇ ಬೆಂಕಿಕಡ್ಡಿ ಗೀರುತ್ತಿದ್ದಳು.

"ಇವತ್ತು ಅವನು ನನ್ನ ದೀಪ ಮುಟ್ಟೋ ಹಾಗಿಲ್ಲ."

ಕಡ್ಡಿ ದಾರ ಬಿಟ್ಟು ಪಕ್ಕಕ್ಕೆ ಹೋಗುತ್ತಿತ್ತು. ಬೆರಳು ಸುಟ್ಟುಕೊಂಡಳು. ಜಲ್ಮನ್ ಹಜಾರದಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಗೋಡೆ ನೋಡುತ್ತ ನಿಂತಿದ್ದ. ಸಂಜೆಯ ಬಿಸಿಲು ಆಗಲೇ ಎದುರು ಮನೆಯ ಚಾವಣಿಗೆ ಏರಿತ್ತು.

"ನಾನು ಹಚ್ಚಲಾ?" ಎಂದೆ.

"ನೀನು ಹಚ್ಚಿದ್ರೆ ನಿನ್ನ ದೀಪ. ನನ್ನದಲ್ಲ."

"ಹಾಗಾದ್ರೆ ಅವನನ್ನ ಕೂಗು."

"ಸತ್ತರೂ ಕೂಗಲ್ಲ."

ನನಗೆ ಸಿಟ್ಟು ಬಂತು. "ಸತ್ತ ಮೇಲೆ ಕೂಗಿದ್ರೆ ಯಾರೂ ಬರಲ್ಲ ಫ್ರೀಡಾ. ನಾನು ಕೂಗಿ ನೋಡಿದೀನಿ."

ಅವಳು ಕಡ್ಡಿಪೆಟ್ಟಿಗೆ ಮೇಜಿನ ಮೇಲಿಟ್ಟಳು. ಹಜಾರದ ಕಡೆ ತಿರುಗಿದಳು.

"ಜಲ್ಮನ್! ಗೋಡೆ ಕಾಯ್ತಾ ಇದೀಯಾ? ಬಾ ಇಲ್ಲಿ."

ಅವನು ಬಂದ. ದಾರ ಸುಟ್ಟ, ಊದಿದ, ಬತ್ತಿಗಳನ್ನು ನೆಟ್ಟಗೆ ನಿಲ್ಲಿಸಿದ.

"ಕಾರಿನ ವಿಷಯ ಮುಗಿದಿಲ್ಲ," ಎಂದಳು.

"ಗೊತ್ತು. ನಾಳೆ ಕತ್ತಲಾದ ಮೇಲೆ ಮುಂದುವರಿಸೋಣ."

ಅವಳು ಕಡ್ಡಿ ಗೀರಿದಳು. ಅವನು ಮುಟ್ಟಲಿಲ್ಲ, ಬಾಯಲ್ಲೇ ದಾರಿ ಹೇಳಿದ. "ಎಡಕ್ಕೆ, ಡ್ರೈವರಮ್ಮ. ಇನ್ನೂ ಎಡಕ್ಕೆ. ಸಾಕು."

ಎರಡೂ ಹೊತ್ತಿಕೊಂಡವು. ಅವಳು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳಿದಳು. ಅವನು ಕೆಳಗೆ ಬಿದ್ದಿದ್ದ ಕಡ್ಡಿಗಳನ್ನು ಹೆಕ್ಕಿದ.

ಮರುದಿನ ಕತ್ತಲಾಯಿತು. ನಾನು ಸಾರು ಬಿಸಿಗಿಟ್ಟಿದ್ದೆ. ಗೋಡೆಯ ಆಚೆ ಫ್ರೀಡಾ ಕಾರಿನ ಮಾತೆತ್ತಿ ಕೂಗಾಡತೊಡಗಿದಳು. ಜಲ್ಮನ್ ಕೂಡ ಬಿಡಲಿಲ್ಲ. ಒಲೆ ಆರಿಸಿ, ಗೋಡೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತೆ. ಅವರ ಜಗಳ ಮುಗಿಯುವವರೆಗೂ ಏಳಲಿಲ್ಲ.