ಹೊಲದ ಕಡೆ ತಿರುಗಿದ ಮೈಕು

ಎಂಬತ್ತರ ದಶಕದಲ್ಲಿ ಮಹಾರಾಷ್ಟ್ರದ ಗಡಿಯಂಚಿನ ಜುಗೂಳದ ಶಾಲೆಗೆ ಮಾಸ್ತರನಾಗಿ ಹೋದಾಗ ನನ್ನನ್ನು ಮಾತಾಡಿಸುವವರೇ ಇರಲಿಲ್ಲ. ಆ ಬೇಸರಕ್ಕೇ ಒಂದು ಭಾನುವಾರ ಶಾಲೆಯ ಗ್ರಂಥಾಲಯದಲ್ಲಿ ಕಥೆ ಓದುವ ಕಾರ್ಯಕ್ರಮ ಇಟ್ಟೆ, ಬಾಡಿಗೆಗೆ ಮೈಕನ್ನೂ ತರಿಸಿದೆ. ಒಬ್ಬರೂ ಬರಲಿಲ್ಲ. ಪುಸ್ತಕ ಮುಚ್ಚಿದೆ.

"ಮಂದಿ ಎಲ್ಲಾ ಕಸಾ ತಗಿಯಾಕ ಹೊಲಕ್ಕ ಹೋಗ್ಯಾರ್ರಿ ಸರ. ನೀವು ಓದ್ರಿ" ಎಂದ ಮೈಕಿನ ಬಾಬು, ಧ್ವನಿವರ್ಧಕದ ಹಾರ್ನನ್ನು ಹೊಲದ ಕಡೆ ತಿರುಗಿಸಿದ.

ಗಂಡನ ಮನೆ ಬಿಟ್ಟು ತವರಿಗೆ ಹೊರಟ ಹುಡುಗಿಯ ಕಥೆ. ಖಾಲಿ ಚಾಪೆಗಳ ಮುಂದೆ ನಾಚುತ್ತಲೇ ಓದಿದೆ. ಇನ್ನೇನು ಮುಗಿಯಬೇಕು, ಕರೆಂಟ್ ಹೋಯಿತು.

ಹೊಲದಿಂದ ಹೆಂಗಸೊಬ್ಬಳು ಕೂಗಿದಳು: "ಯಾಕ ನಿಲ್ಲಿಸಿದ್ರಿ? ಆಕಿ ಮನಿ ಮುಟ್ಟಿದಳೋ ಇಲ್ಲೋ?"

"ಮುಟ್ಟಿದಳವ್ವಾ!" ಗಂಟಲು ಹರಿಯುವಂತೆ ಕೂಗಿದೆ.

ಮರುದಿನ ಕಿರಾಣಿ ಅಂಗಡಿಯಲ್ಲಿ ಇಬ್ಬರು ಹೆಂಗಸರು ಆ ಹುಡುಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಕನ್ನಡ-ಮರಾಠಿ ಬೆರೆಸಿ ವಾದಿಸುತ್ತಿದ್ದರು. ಹಿಗ್ಗಿನಿಂದ ಹತ್ತಿರ ಹೋಗಿ ನಿಂತೆ.

"ತುಸು ಬಾಜೂಕ ಸರೀರಿ, ದಾರಿಗೆ ಅಡ್ಡ ನಿಂತೀರಿ" ಎಂದಳು ಒಬ್ಬಳು.